ತೊಳೆದ ಡಬ್ಬಿ

ನಾನು ನಿಂತಿದ್ದು ಪುಣೆಯ ಹಡಪಸರದ ಆಚೆ, ಒಂದು ದೊಡ್ಡ ಸಾಗಣೆ ಕಂಪನಿಯ ಮೂರನೆಯ ಮಹಡಿಯ ಕಾರಿಡಾರಿನಲ್ಲಿ, ಕುಡಿಯುವ ನೀರಿನ ಯಂತ್ರಕ್ಕೂ ಕೈ ತೊಳೆಯುವ ಬೇಸಿನ್ನಿಗೂ ನಡುವೆ. ದೀಪಾವಳಿ ಮುಗಿದ ಮೇಲಿನ ಮೊದಲ ಶುಕ್ರವಾರ, ಸಂಜೆ ಐದು ಗಂಟೆ. ನನ್ನ ಎಡಕ್ಕೆ ಗೆಳೆಯ ನಿಂತಿದ್ದ. ಇಬ್ಬರದೂ ಸಂದರ್ಶನ ಮುಗಿದಿತ್ತು. ನೇಮಕದ ಆರ್ಡರ್ ಇವತ್ತೇ ಕೊಡುತ್ತೇವೆ, ಹೊರಗೆ ಇರಿ ಎಂದಿದ್ದರು.

ನಾವಿಬ್ಬರೂ ವಿಜಯಪುರದ ಕಡೆಯವರು. ಕೋಥರೂಡದ ಒಂದೇ ಕಟ್ಟಡದಲ್ಲಿ ಬಾಡಿಗೆಗಿದ್ದೆವು, ಪೇಟೆಯೊಳಗಿನ ಒಂದೇ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆವು. ಅಲ್ಲಿ ಮಧ್ಯಾಹ್ನ ಒಂದಾದರೆ ಮಾಲೀಕರು ತಾವೇ ಶಟರ್ ಅರ್ಧ ಇಳಿಸಿ, ತಮ್ಮ ಡಬ್ಬಿ ಹಿಡಿದು ನಮ್ಮ ನಡುವೆ ಬಂದು ಕೂರುತ್ತಿದ್ದರು. ಉಂಡಾದ ಮೇಲೆ ಎಲ್ಲರೂ ಮೇಜಿಗೆ ತಲೆಯಿಟ್ಟು ಸ್ವಲ್ಪ ಹೊತ್ತು ಮಲಗುವುದು. ಗೆಳೆಯನಿಗೆ ಇದು ಬರೀ ರೂಢಿಯಲ್ಲ. ಅವನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ; ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ.

ಆ ಕಾರಿಡಾರಿನಲ್ಲಿ ಕಿಟಕಿಯ ಕೆಳಗೆ ಒಂದು ಕಡಪಾ ಕಲ್ಲಿನ ಕಟ್ಟೆಯಿತ್ತು. ಅದರ ಮೇಲೆ ಸಾಲಾಗಿ ಊಟದ ಚೀಲಗಳು. ನಾನು ಒರಗಿ ನಿಲ್ಲಲೆಂದು ಒಂದು ಚೀಲವನ್ನು ಪಕ್ಕಕ್ಕೆ ಸರಿಸಿದೆ. ಭಾರವಾಗಿತ್ತು. ಇನ್ನೊಂದನ್ನೂ ಮುಟ್ಟಿ ನೋಡಿದೆ. ಅದೂ ತುಂಬಿತ್ತು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಬಂದು ತನ್ನ ಚೀಲ ತೆಗೆದುಕೊಂಡಳು. ಡಬ್ಬಿಯ ಮುಚ್ಚಳ ತೆಗೆದು, ಚಪಾತಿ, ಪಲ್ಯ, ಅನ್ನ ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದಳು. ಡಬ್ಬಿ ತೊಳೆದು, ಕರ್ಚೀಫಿನಿಂದ ಒರೆಸಿದಳು. ನಾವು ಕನ್ನಡದಲ್ಲಿ ಏನೋ ಅಂದುಕೊಂಡದ್ದು ಅವಳಿಗೆ ಕೇಳಿಸಿತು. ಅವಳು ಸೊಲ್ಲಾಪುರದವಳು.

“ತುಂಬಿದ್ದ ಡಬ್ಬಿ ಒಯ್ದ್ರ ಮನ್ಯಾಗ ಅತ್ತಿ ಕೇಳ್ತಾರ್ರಿ,” ಎಂದಳು.

ಉಣ್ಣಲು ಬಿಡುವುದಿಲ್ಲವೇ ಎಂದು ಕೇಳಿದೆ.

“ಬ್ಯಾಡ ಅಂತ ಯಾರೂ ಅನ್ನೂದಿಲ್ರಿ. ಮೊದಲ ಯಾರು ಏಳಬೇಕು ಅನ್ನೂದ ಅದ.”

ಇಷ್ಟು ಹೇಳಿ ಒಳಗೆ ಹೋದಳು. ಮನೆಗೆ ಹೋಗುವ ಹೊತ್ತಲ್ಲ ಅದು; ಕೆಲಸಕ್ಕೇ ಮರಳಿದಳು.

ಆರ್ಡರ್ ಇಬ್ಬರಿಗೂ ಬಂತು. ಸಂಬಳ ಹೆಚ್ಚೂಕಡಿಮೆ ಎರಡರಷ್ಟು. ನಾನು ಆ ಕಾಗದವನ್ನು ದೇವರ ಮುಂದಿಟ್ಟು ಬಹಳ ಯೋಚಿಸಿದೆ. ಕಡೆಗೆ ಕಂಡದ್ದನ್ನು ಹೆಂಡತಿಗೆ ಹೇಳಿದೆ. ಬ್ಯಾಡ ಬಿಡ್ರಿ ಎಂದಳು. ಆ ವರ್ಷ ಸ್ಕೂಟಿ ಕೊಳ್ಳಬೇಕೆಂದಿದ್ದಳು. ಮತ್ತೆ ಅದರ ಮಾತೆತ್ತಲಿಲ್ಲ.

ಗೆಳೆಯ ಹೋಗುವುದೆಂದು ನಿರ್ಧರಿಸಿದ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದಾಗಲೆಲ್ಲ ಪಾತ್ರೆ ಪಗಡೆ ಕಟ್ಟುವುದು ಅವನ ಹೆಂಡತಿಗೆ ಸಾಕಾಗಿತ್ತು. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲದ ಮನೆ ಅವಳಿಗೆ ಬೇಕಿತ್ತು. ಆ ಸಂಬಳಕ್ಕೆ ಬ್ಯಾಂಕು ಸಾಲ ಕೊಡುತ್ತಿತ್ತು. ನಿನ್ನ ಸೂಜಿಯ ಗತಿಯೇನು ಎಂದು ಕೇಳಿದ್ದಕ್ಕೆ ನಕ್ಕ.

“ನೀ ಭಾಳ ಅಂಜ್ತೀಲೇ. ಡಬ್ಬಿ ನೋಡಿ ನೌಕರಿ ಬಿಟ್ಟಂವ ಇಡೀ ಪುಣೇದಾಗ ನೀ ಒಬ್ಬನ. ನಾ ಮೊದಲ ಎದ್ದು ತೋರಸ್ತೀನಿ, ನೋಡು.”

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವನ ಹೆಂಡತಿ ಮೆಟ್ಟಿಲ ಬಳಿ ಸಿಕ್ಕಳು. ನನ್ನನ್ನು ಅಣ್ಣ ಎಂದೇ ಕರೆಯುತ್ತಾಳೆ. ಮುಖ ಅರಳಿತ್ತು.

“ಅಣ್ಣಾರ, ಹೊಸಾ ಆಫೀಸಿಗೆ ಹೋಗಿ ನಿಮ್ಮ ಗೆಳೆಯಾರು ಶಾಣ್ಯಾ ಆಗ್ಯಾರ್ರಿ. ಡಬ್ಬಿ ತೊಳದು ತರ್ತಾರ.”

ಅಲ್ಲೇ ನಿಂತು, ಆ ಶುಕ್ರವಾರ ಕಂಡದ್ದನ್ನು ಪೂರ್ತಿ ಹೇಳಿದೆ. ಅವತ್ತು ರಾತ್ರಿ ಅವಳು ಅವನನ್ನು ಕೇಳಿದಳು, ಅತ್ತಳು, ಆಣೆ ಮಾಡಿಸಿಕೊಂಡಳು. ಮರುದಿನದಿಂದ ಡಬ್ಬಿ ತೊಳೆಯದೆ, ಪಲ್ಯದ ಎಣ್ಣೆ ಮೆತ್ತಿಕೊಂಡೇ ಬರತೊಡಗಿತು. ನಾವು ಸಮಾಧಾನ ಪಟ್ಟೆವು. ಅವನು ಸುರಿಯುವುದನ್ನು ನಿಲ್ಲಿಸಿರಲಿಲ್ಲ, ತೊಳೆಯುವುದನ್ನಷ್ಟೇ ನಿಲ್ಲಿಸಿದ್ದ ಎಂಬುದು ಆಗ ನಮಗಿಬ್ಬರಿಗೂ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಒಂದು ಸಂಜೆ ಅವನ ಫೋನಿನಿಂದ ಕರೆ ಬಂತು. ಮಾತಾಡಿದ್ದು ಸೊಲ್ಲಾಪುರದ ಆ ಹೆಣ್ಣುಮಗಳು. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಂಚಿನ ಮೇಲೆ ಅವನ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ನಡೆದದ್ದನ್ನು ನಿಧಾನವಾಗಿ ಹೇಳಿದಳು. ಉಣ್ಣಲಾಗದ ದಿನ ಅವನು ಸೂಜಿಯನ್ನೂ ಬಿಡುತ್ತಿದ್ದನಂತೆ. ಅವತ್ತು ಒಂದು ಗಂಟೆಗೆ ಅವನು ಉಣ್ಣುತ್ತೇನೆಂದೇ ಎದ್ದು ಹೋಗಿ ಸೂಜಿ ಚುಚ್ಚಿಕೊಂಡು ಬಂದ. ಡಬ್ಬಿ ತೆಗೆಯುವ ಮೊದಲೇ ಸಾಹೇಬರು ಒಂದು ತುರ್ತು ಕೆಲಸ ಕೊಟ್ಟರು. ಉಳಿದವರು ಯಾರೂ ಎದ್ದಿರಲಿಲ್ಲ; ಅವನೂ ಕೂತ. ಆಮೇಲೆ ಮೇಜಿಗೆ ತಲೆಯಿಟ್ಟ. ಮಲಗಿದ್ದಾನೆ ಅಂದುಕೊಂಡರು. ಪಾಪ, ಸಾಹೇಬರ ಕಣ್ಣಿಗೆ ಬೀಳದಿರಲಿ ಎಂದು ಪಕ್ಕದವನು ಎರಡು ಫೈಲುಗಳನ್ನು ಎತ್ತಿ ನಿಲ್ಲಿಸಿ ಅವನಿಗೆ ಮರೆ ಮಾಡಿದ. ದಾರಿಯಲ್ಲಿ ಹೋಗುವವರೆಲ್ಲ ಸದ್ದಾಗದಂತೆ ನಡೆದರು. ಕಡೆಗೆ ಎಬ್ಬಿಸಲು ಭುಜ ಮುಟ್ಟಿದವಳು ಇವಳೇ.

ಆ ಚೀಲವನ್ನು ನಾನೇ ಅವನ ಮನೆಗೆ ತಂದೆ. ಅವನ ಹೆಂಡತಿ ಅದನ್ನು ಕೈಗೆ ತೆಗೆದುಕೊಂಡಳು. ಭಾರ ತಿಳಿಯಿತು.

ಆ ಶುಕ್ರವಾರ ಸಂಜೆ ಬೇಸಿನ್ನಿನ ಬಳಿ ಇದ್ದವರು ಮೂವರು. ಗೆಳೆಯ ಇಲ್ಲ. ನಾನು ಅದೇ ಅಂಗಡಿಯಲ್ಲಿದ್ದೇನೆ. ಒಂದಾದರೆ ಶಟರ್ ಅರ್ಧ ಇಳಿಯುತ್ತದೆ. ಸೊಲ್ಲಾಪುರದ ಆ ಹೆಣ್ಣುಮಗಳು ಬದುಕಿದ್ದಾಳೆ. ಆ ಕಟ್ಟಡದಲ್ಲೇ, ಆ ಮಹಡಿಯಲ್ಲೇ ಈಗಲೂ ಕೆಲಸ ಮಾಡುತ್ತಾಳೆ.