ಬಿಡಬೇಕಾದವರ ಪಟ್ಟಿ

ಜನರ ಮೊಬೈಲ್ ಎಲ್ಲೆಲ್ಲಿ ತಿರುಗುತ್ತದೆ ಎಂಬ ಮಾಹಿತಿ ಮಾರುವುದು ಆಗ ನನ್ನ ಕೆಲಸ. ಮಂಗಳೂರಿನ ಸರ್ಕಾರಿ ಕಚೇರಿಯೊಂದಕ್ಕೆ ಹೋದಾಗ ಅಲ್ಲಿನ ಸಾಹೇಬರು, "ಮೊದಲು ನನ್ನ ನಂಬರ್ ಹಾಕಿ ತೋರಿಸಿ ಮಾರಾಯ್ರೆ" ಎಂದರು. ಹಾಕಿದೆ. ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಕ್ಷೆಯಲ್ಲಿ ಅವರ ಚುಕ್ಕಿ ಬಂದರಿನ ಮೀನು ಮಾರ್ಕೆಟ್ಟಿನಲ್ಲಿ ನಿಂತಿತ್ತು.

"ನಿನ್ನೆ ನೀವು ಬಜಪೆಗೆ ಇನ್‌ಸ್ಪೆಕ್ಷನ್‌ಗೆ ಹೋದದ್ದಲ್ವಾ ಸರ್?" ಎಂದರು ಪಕ್ಕದ ಮೇಜಿನ ಮೇಡಂ.

ಸಾಹೇಬರು ಗಂಭೀರರಾದರು. "ಸರ್ಕಾರ ಇಂಥದ್ದನ್ನು ಕೊಳ್ಳುವುದಕ್ಕೂ ಒಂದು ಮಿತಿ ಉಂಟು. ನಮ್ಮ ಆಫೀಸಿನವರನ್ನು ಬಿಟ್ಟು ಉಳಿದವರದ್ದು ಕೊಡಿ."

"ಯಾರನ್ನು ಬಿಡಬೇಕೂಂತ ನನಗೆ ಗೊತ್ತಾಗಬೇಕಲ್ಲ ಸರ್" ಎಂದೆ.

ಸಂಜೆಯೊಳಗೆ ಇಡೀ ಕಚೇರಿಯವರ ಹೆಸರು, ನಂಬರು, ಮನೆ ವಿಳಾಸ ಮೊಹರು ಸಮೇತ ನನ್ನ ಕೈಗೆ ಬಂತು. ಅಷ್ಟು ತಪ್ಪಿಲ್ಲದ ಪಟ್ಟಿ ನನಗೆ ದುಡ್ಡು ಕೊಟ್ಟರೂ ಎಲ್ಲೂ ಸಿಕ್ಕಿದ್ದಿಲ್ಲ.