ಗೋಡೆಯಾಚೆ ಮಲಗಿದ ಮಗಳು

ಸಿರುಗುಪ್ಪದ ಬ್ಯಾಪ್ಟಿಸ್ಟ್ ಸಭೆಯ ಹಿರಿಯನಾಗಿದ್ದ ಓಬಣ್ಣನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕುರುಗೋಡಿನಲ್ಲಿ ಕಲ್ಲು ಒಡೆಯುತ್ತಿದ್ದವನು ೧೮೭೬ರ ಧಾತು ವರ್ಷದ ಬರದಲ್ಲಿ ಇಲ್ಲಿಗೆ ಬಂದ, ಹೊಳೆಯಲ್ಲಿ ಪೂರಾ ಮುಳುಗಿ ದೀಕ್ಷಾಸ್ನಾನ ಪಡೆದ. ಆಮೇಲೆ ಬಳ್ಳಾರಿಯ ಪಾದ್ರಿ ದೊರೆಗಿಂತ ಇವನೇ ಬಿಗಿಯಾದ. ಹಾಗೆ ಮುಳುಗದವರಿಗೆ ಪ್ರಭುವಿನ ಭೋಜನದ ರೊಟ್ಟಿ ದ್ರಾಕ್ಷಾರಸವಿಲ್ಲ, ಸತ್ತರೆ ಸಭೆಯ ಸ್ಮಶಾನದ ಗೋಡೆಯೊಳಗೆ ಮಣ್ಣೂ ಇಲ್ಲ. ಈ ಕಟ್ಟಳೆ ಬರೆಸಿದವನೂ ಅವನೇ.

ಅವನಿಗೆ ಒಬ್ಬಳೇ ಮಗಳು, ಹೊನ್ನೂರಮ್ಮ. ಹದಿನಾರರ ಹುಡುಗಿ ದೀಕ್ಷೆಗೆ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು, ಬಿಳಿ ಸೀರೆ ಮಡಚಿಟ್ಟು ಕಾಯುತ್ತಿದ್ದಳು. ೧೮೮೬ರ ಆಷಾಢದಲ್ಲಿ ತುಂಗಭದ್ರೆ ದಡ ಮೀರಿತು, ದೀಕ್ಷೆಯನ್ನು ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ಹುಡುಗಿಗೆ ಜ್ವರ ಏರಿತು. ತಲೆಗಾದರೂ ನಾಲ್ಕು ಹನಿ ನೀರು ಹಾಕಿ ಪ್ರಾರ್ಥಿಸೆಂದು ಹೆಂಡತಿ ಮಾರೆಮ್ಮ ಕಾಲು ಹಿಡಿದಳು. ಚಿಮುಕಿಸಿದ್ದು ದೀಕ್ಷೆಯಲ್ಲವೆಂದ ಓಬಣ್ಣ. ಮೂರನೆಯ ದಿನ ಮಗಳು ಹೋದಳು. ಗೋಡೆಯಾಚೆ ಜಾಲಿಗಿಡಗಳ ನಡುವೆ ಗುಂಡಿ ತೋಡಿದವನೂ ಓಬಣ್ಣನೇ. ಯಾರ ನೆರವೂ ಬೇಡವೆಂದ.

ಎರಡು ವರ್ಷ ಕಳೆದು ಹೊಸ ಪಾದ್ರಿ ಬಂದರು. ವಯಸ್ಸು ಚಿಕ್ಕದು, ಮನಸ್ಸು ಮೆತ್ತಗೆ. ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲೇ ಈಗ ಉದಾರ ವಿಚಾರ ಬಂದಿದೆ, ದೇವರು ನೋಡುವುದು ನಂಬಿಕೆಯನ್ನೇ ಹೊರತು ಹೊಳೆಯ ಆಳವನ್ನಲ್ಲ ಎಂದು ಬೋಧಿಸಿದರು. ಸಭೆಯ ಅರ್ಧ ಜನ ತಲೆದೂಗಿದರು. ನಾನೂ ದೂಗಿದೆ. ಮಾರೆಮ್ಮ ಮಾತ್ರ ಕೂತಲ್ಲೇ ಅಳತೊಡಗಿದಳು. ವಿಷಯ ತಿಳಿದ ಪಾದ್ರಿ, ಗೋಡೆ ಒಡೆಸಿ ಆಚೆಗೆ ಕಟ್ಟಿಸಿ ಹೊನ್ನೂರಮ್ಮನ ಗೋರಿಯನ್ನು ಒಳಗೆ ಸೇರಿಸಿಕೊಳ್ಳೋಣ ಎಂದರು. ಹಿರಿಯನಾದ ಓಬಣ್ಣನೊಬ್ಬ ಒಪ್ಪಿದರೆ ಸಾಕಿತ್ತು.

ಓಬಣ್ಣ ಎದ್ದು ನಿಂತ.

"ಬ್ಯಾಡ್ರಿ ಅಯ್ಯಾರ. ಆಕಿನ್ನ ಒಳಗ ತಗೊಂಡ್ರ, ಅವತ್ತು ನಾಕು ಹನಿ ನೀರು ಹಾಕದ ನಾನು ಏನಾದೆ? ನಿಮ್ಮ ಮಾತು ಸುಳ್ಳಾಗಿರ್ಲಿ. ಅದು ಖರೇ ಆದ್ರ ನಾನು ಬದುಕಾಂಗಿಲ್ಲ."

ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು. ಪಾದ್ರಿ ಗೋಡೆಯ ಮಾತನ್ನು ಕೈಬಿಟ್ಟರು. ಮಾರೆಮ್ಮ ಕಣ್ಣೊರೆಸಿಕೊಂಡು, ಗಂಡನತ್ತ ನೋಡದೆ ಹೇಳಿದಳು: "ಹಂಗಾದ್ರ ನಾನು ಸತ್ತಾಗ ನನ್ನನ್ನೂ ಹೊರಗ ಇಡ್ರಿ. ಮಗಳು ಒಬ್ಬಾಕೀನ ಅದಾಳ."

ಹನ್ನೊಂದು ವರ್ಷದ ಮೇಲೆ ಮಾರೆಮ್ಮ ತೀರಿಕೊಂಡಾಗ ಹಾಗೆಯೇ ಮಾಡಿದೆವು. ಮಣ್ಣು ಹಾಕಲು ಓಬಣ್ಣನೂ ಗೋಡೆ ದಾಟಿ ಬಂದ. ತಾಯಿ ಮಗಳ ಪಕ್ಕ ಇನ್ನೊಂದು ಗುಂಡಿಗೆ ಜಾಗವಿತ್ತು. ಅದನ್ನು ತನಗೆಂದು ಕೇಳಿಕೊಳ್ಳುವ ಬಾಯಿ ಅವನಿಗಿರಲಿಲ್ಲ.