ದೊಡ್ಡ ಮಿಸ್ಸು ನಮ್ಮ ಜಗಲಿಯ ಮೇಲೆ ಮಲಗಿದ ದಿನ

ನಮ್ಮ ದೊಡ್ಡ ಮಿಸ್ಸಿನ ಬಲಗೈ ಎಡಗೈಗಿಂತ ಕಪ್ಪಗಿತ್ತು. ರವಿಕೆಯ ತೋಳು ಮುಗಿಯುವ ಕಡೆಯಿಂದ ಬೆರಳ ತುದಿಯವರೆಗೂ ಗದ್ದೆಯಲ್ಲಿ ದುಡಿಯುವವರ ಬಣ್ಣ. ಎಡಗೈ ಮಾತ್ರ ಮನೆಯೊಳಗೇ ಬೆಳೆದ ಹಾಗೆ ಬೆಳ್ಳಗೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಮುಂದಿನ ಬೆಂಚಿನಲ್ಲಿ ಕೂತ ನಮಗೆ ಆ ಎರಡು ಬಣ್ಣ ಸೇರುವ ಗೆರೆ ಕಾಣುತ್ತಿತ್ತು. ಕಾರು ಓಡಿಸಿ ಓಡಿಸಿ ಬಿದ್ದ ಗೆರೆ ಅದು. ಅವರ ಬಲಗೈ ಸದಾ ಕಿಟಕಿಯ ಹೊರಗೇ ಇರುತ್ತಿತ್ತು. ಆಗಿನ ಮಂಡ್ಯದಲ್ಲಿ ಹೆಂಗಸೊಬ್ಬರು ಕಾರು ಓಡಿಸುವುದನ್ನು ನೋಡಲು ಪೇಟೆ ಬೀದಿಯಲ್ಲಿ ಜನ ನಿಂತುಬಿಡುತ್ತಿದ್ದರು. ಮಿಸ್ಸು ಆ ಕೈಯನ್ನೇ ಮೆಲ್ಲಗೆ ಬೀಸಿ, ನೊಣ ಓಡಿಸಿದಂತೆ ಅವರನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಿದ್ದರು.

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್ಮಿಸ್ಟ್ರೆಸ್ಸು ಅವರು. ಮಿಕ್ಕ ಟೀಚರುಗಳೆಲ್ಲ ಬರೀ ಮಿಸ್ಸು, ಇವರು ದೊಡ್ಡ ಮಿಸ್ಸು. ಮದುವೆಯಾಗಿರಲಿಲ್ಲ. ತಂದೆ ಹಿಂದೆ ಅಮಲ್ದಾರರಾಗಿದ್ದರಂತೆ. ಅವರು ತೀರಿಕೊಂಡ ಮೇಲೆ ಹೆಂಚಿನ ಮನೆಯೂ ವಯಸ್ಸಾದ ತಾಯಿಯೂ ಗುಂಡು ಬೆನ್ನಿನ ಕಪ್ಪು ಕಾರೂ ಇವರ ಪಾಲಿಗೆ ಬಂದಿದ್ದವು. ತಾಯಿಯನ್ನೂ ಮನೆಯನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದ ಮಿಸ್ಸಿಗೆ ಕಾರನ್ನು ಓಡಿಸುವುದು ಮಾತ್ರ ಗೊತ್ತು, ನೋಡಿಕೊಳ್ಳುವುದು ಗೊತ್ತಿರಲಿಲ್ಲ. ವಾರಕ್ಕೊಮ್ಮೆಯಾದರೂ ಬ್ಯಾಟರಿ ಡೌನಾಗುತ್ತಿತ್ತು. ಸಾಯಂಕಾಲ ಶಾಲೆ ಬಿಟ್ಟ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯರು ಲಂಗ ಎತ್ತಿ ಸಿಕ್ಕಿಸಿಕೊಂಡು ಕಾರು ತಳ್ಳುತ್ತಿದ್ದರು. ಆ ಕೆಲಸ ಯಾವಾಗ ನಮ್ಮ ಪಾಲಿಗೆ ಬರುತ್ತದೋ ಎಂದು ಒಂಬತ್ತನೇ ಕ್ಲಾಸಿನವರಾದ ನಾವು ಗೇಟಿನ ಹತ್ತಿರ ಕಾಯುತ್ತಿದ್ದೆವು.

ಅವರನ್ನು ಕಂಡರೆ ನಮಗೆಲ್ಲ ಭಯ. ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಪಾಠ ಓದುತ್ತ ಓದುತ್ತ ಯಾರಾದರೂ ತಡವರಿಸಿ ಅಳತೊಡಗಿದರೆ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಅಳು ತಾನಾಗಿ ನಿಂತ ಮೇಲೆ, "ಆಯ್ತಾ? ಸರಿ. ಮುಂದಿನ ಸಾಲು ಓದು," ಅನ್ನುತ್ತಿದ್ದರು. ಅಷ್ಟೇ. ಯಾಕೆ ಅತ್ತೆ ಎಂದು ಕೇಳಿದವರೇ ಅಲ್ಲ. ಅವರ ಎದೆ ಕಲ್ಲು ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ನಮ್ಮೂರು ಬಸರಾಳಿನಿಂದ ಇನ್ನೂ ಒಳಕ್ಕೆ. ನಾನು ಮಂಡ್ಯದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದೆ. ಆ ವರ್ಷ ದಸರಾ ರಜೆಗೆ ಊರಿಗೆ ಹೋದಾಗ ಎರಡು ಸಂಗತಿಗಳು ಒಟ್ಟಿಗೆ ಆದವು. ನಾನು ದೊಡ್ಡವಳಾದೆ, ಚಿಕ್ಕಪ್ಪನಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಇನ್ನು ಮಂಡ್ಯದಲ್ಲಿ ಇರುವುದೆಲ್ಲಿ? ಅಪ್ಪ ಕೆಟ್ಟವನಲ್ಲ. ಶಾಲೆ ಬಿಡು ಎಂದು ಅವನು ಬಾಯಿ ಬಿಟ್ಟು ಹೇಳಲಿಲ್ಲ. ರಜೆ ಮುಗಿದರೂ ಬಸ್ಸು ಹತ್ತಿಸಲಿಲ್ಲ, ಅಷ್ಟೇ. ಮಳವಳ್ಳಿ ಕಡೆಯಿಂದ ಒಂದು ಸಂಬಂಧದ ಮಾತು ಬಂದಿತ್ತು. ಮುಂದಿನ ವಾರ ಅವರು ನೋಡಲು ಬರುವವರಿದ್ದರು. ನಾನು ಪುಸ್ತಕಗಳನ್ನು ಅಟ್ಟದ ಮೇಲಿಟ್ಟು, ಕೊಟ್ಟಿಗೆ ಗುಡಿಸುತ್ತ, ಅತ್ತರೆ ಅವ್ವನಿಗೆ ಕಾಣದ ಹಾಗೆ ಅಳುತ್ತ ಇದ್ದೆ.

ಹಿಂಗಾರು ಮೋಡ ಕವಿದು ಹಗಲೇ ಕತ್ತಲಾದ ಒಂದು ದಿನ, ಮಧ್ಯಾಹ್ನಕ್ಕೆ ಮುಂಚೆ, ಊರೊಳಗೆ ಕಾರಿನ ಸದ್ದು ಕೇಳಿಸಿತು. ನಮ್ಮೂರಿಗೆ ಕಾರು ಬರುವುದು ಓಟಿನ ಕಾಲದಲ್ಲಿ ಮಾತ್ರ. ಕೊಟ್ಟಿಗೆಯ ಗೋಡೆಯ ಸಂದಿಯಿಂದ ಇಣುಕಿದೆ. ಸಣ್ಣ ಮಳೆಯ ನಡುವೆ ಎರಡು ಹಳದಿ ದೀಪ ತೇಲುತ್ತ ಬಂದು ನಮ್ಮ ಮನೆ ಮುಂದೆಯೇ ನಿಂತವು. ಕೆಸರಿಗೆ ಸೀರೆಯ ಅಂಚು ತಾಗದಂತೆ ಎತ್ತಿ ಹಿಡಿದು ಇಳಿದವರು ದೊಡ್ಡ ಮಿಸ್ಸು. ಎಷ್ಟೋ ಸಲ ಕನಸಿನಲ್ಲಿ ಹೀಗೇ ಬಂದಿದ್ದರು. ಹಾಗಾಗಿ ಅವರು ನಿಜವಾಗಿ ಬಂದದ್ದು ನನಗೆ ಆಶ್ಚರ್ಯವೆನಿಸಲೇ ಇಲ್ಲ.

ಅಪ್ಪ ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ. ಮಿಸ್ಸು ಸುತ್ತು ಬಳಸಿ ಮಾತಾಡುವವರಲ್ಲ. ಹುಡುಗಿ ಚೆನ್ನಾಗಿ ಓದುತ್ತಾಳೆ, ಶಾಲೆಗೆ ಕಳಿಸಿ ಅಂದರು. ಇರಲು ಜಾಗವಿಲ್ಲ ಎಂದು ಅಪ್ಪ ಹೇಳಿದಾಗ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದಾಗಿ ಹೇಳಿದರು. ಅಪ್ಪ ತಲೆ ಕೆರೆದುಕೊಂಡ. ನಿಮ್ಮ ಮಡಿಯ ಮನೆಯಲ್ಲಿ ನಮ್ಮ ಹುಡುಗಿ ಇದ್ದರೆ ನಿಮ್ಮ ಕಡೆಯವರು ಏನಂದಾರು ಎಂದು ಕೇಳಿದ. ಅದು ನನಗೆ ಬಿಡಿ ಅಂದರು ಮಿಸ್ಸು. ಕೊನೆಗೆ ಅಪ್ಪ ಕೈ ಮುಗಿದು ಹೇಳಿದ:

"ದೀಪಾವಳಿ ಕಳೀಲಿ ಅಮ್ನೋರೆ, ನೋಡುಮ."

ನಮ್ಮ ಮನೆಯಲ್ಲಿ 'ನೋಡುಮ' ಅಂದರೆ ಇಲ್ಲ ಎಂದೇ ಅರ್ಥ. ಮಿಸ್ಸಿಗೂ ಅದು ತಿಳಿಯಿತು. ಎದ್ದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿ, ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು.

ಟಕ್ ಅಂದಿತು. ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಆ ಟಕ್ ಕೂಡ ಇಲ್ಲ. ಮಳೆಗತ್ತಲೆಗೆಂದು ಹಾಕಿಕೊಂಡು ಬಂದ ದೀಪಗಳನ್ನು ಆರಿಸುವುದು ಮರೆತಿದ್ದರು. ಮಾತು ಮುಗಿಯುವ ಹೊತ್ತಿಗೆ ಅವು ಹೊಗೆ ಹಿಡಿದ ಲಾಂದ್ರದಂತೆ ಮಂಕಾಗಿ, ನಮ್ಮ ಕಣ್ಣ ಮುಂದೆಯೇ ನಂದಿಹೋದವು.

ಅಕ್ಕಪಕ್ಕದವರು ಬಂದು ತಳ್ಳಿದರು. ಕೆಸರಿನಲ್ಲಿ ಚಕ್ರ ಹೂತುಕೊಂಡಿತೇ ಹೊರತು ಕಾರು ಓಡಲಿಲ್ಲ. ಕೆರೆ ಏರಿಯವರೆಗೆ ಎತ್ತು ಕಟ್ಟಿ ಎಳೆಸಿದರೆ ಅಲ್ಲಿಂದಾಚೆ ಇಳಿಜಾರು, ತಳ್ಳಿದರೆ ಹೊರಡುತ್ತದೆ ಎಂದು ಅಪ್ಪ ಲೆಕ್ಕ ಹಾಕಿದ. ಆದರೆ ನಮ್ಮ ಎತ್ತುಗಳು ಕಬ್ಬಿನ ಗಾಡಿ ಎಳೆದುಕೊಂಡು ಆಲೆಮನೆಗೆ ಹೋಗಿದ್ದವು. ಬರುವುದು ಸಾಯಂಕಾಲ. ಬಸ್ಸೂ ಅಷ್ಟೊತ್ತಿಗೇ.

ಹಾಗಾಗಿ ದೊಡ್ಡ ಮಿಸ್ಸು ಮತ್ತೆ ಬಂದು ಅದೇ ಕಂಬಳಿಯ ಮೇಲೆ ಕೂತರು. ಇನ್ನೇನು, ಮಧ್ಯಾಹ್ನವೆಲ್ಲ ಅಪ್ಪನನ್ನು ಒಪ್ಪಿಸುತ್ತಾರೆ ಎಂದು ನಾನು ಕಿವಿ ನಿಮಿರಿಸಿ ಕೂತೆ. ಅವರು ಆ ಮಾತನ್ನೇ ತೆಗೆಯಲಿಲ್ಲ. ನಾಲೆಯ ನೀರಿನ ಬಗ್ಗೆ ಒಂದು ಮಾತು ಕೇಳಿದರು. ಅಪ್ಪ ಉತ್ತರ ಹೇಳುತ್ತಿದ್ದಂತೆ ಕಂಬಕ್ಕೆ ತಲೆ ಆನಿಸಿದರು. ಅವನ ಮಾತು ಮುಗಿಯುವ ಮೊದಲೇ ಅವರಿಗೆ ನಿದ್ದೆ ಹತ್ತಿತ್ತು.

ಮಳೆ ನಿಂತು, ಸೂರಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ಮೋಡದ ಹಿಂದೆ ಎಲ್ಲೋ ಬಿಸಿಲಿತ್ತು. ಅಂಗಳಕ್ಕೆಲ್ಲ ಅರಿಸಿನದ ನೀರಿನಂಥ ಬೆಳಕು. ಆ ಬೆಳಕಿನಲ್ಲಿ ದೊಡ್ಡ ಮಿಸ್ಸು ಮೆಲ್ಲಗೆ ಜಾರಿ, ಕಾಲು ಮಡಚಿ, ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟರು. ಬಾಯಿ ಸ್ವಲ್ಪ ತೆರೆದಿತ್ತು. ಕನ್ನಡಕ ಒಂದು ಕಿವಿಯಿಂದ ಜಾರಿತ್ತು. ಇಡೀ ಶಾಲೆ ಹೆದರುತ್ತಿದ್ದ ಆ ಮುಖ ನಿದ್ದೆಯಲ್ಲಿ ನಮ್ಮ ಯಾವುದೋ ಸೋದರತ್ತೆಯ ಮುಖದಂತೆ ಕಂಡಿತು. ಕೊಕ್ಕೊ ಎನ್ನುತ್ತ ಜಗಲಿ ಹತ್ತಲು ಬಂದ ಕೋಳಿಯನ್ನು ಅಪ್ಪ ಸದ್ದಾಗದಂತೆ ಟವಲು ಬೀಸಿ ಓಡಿಸಿದ. ಕನ್ನಡಕ ಬಿದ್ದು ಒಡೆದೀತೆಂದು ನನಗೆ ಕಣ್ಸನ್ನೆ ಮಾಡಿದ. ನಾನು ಅದನ್ನು ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡೆ. ಅಪ್ಪನಿಗೆ ತೋಟದಲ್ಲಿ ಕೆಲಸವಿತ್ತು. ಮನೆಗೆ ಬಂದವರು ಮಲಗಿರುವಾಗ ಬಿಟ್ಟು ಹೋಗುವುದು ಹೇಗೆಂದು ಅವನೂ ಮೆಟ್ಟಿಲ ಮೇಲೆ ಸುಮ್ಮನೆ ಕೂತ. ಊರೇ ಉಸಿರು ಹಿಡಿದು ನಿಂತಂತಿತ್ತು.

"ಎಷ್ಟು ದಣ್ದವ್ರೆ ನೋಡು," ಅಂದ ಅಪ್ಪ, ಬಾಗಿಲಿಗೆ ಬಂದ ಅವ್ವನಿಗೆ.

ಅವ್ವ ಆವರೆಗೆ ಈ ವಿಷಯದಲ್ಲಿ ಒಂದು ಮಾತೂ ಆಡಿರಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ, "ನಮ್ಮುಡ್ಗಿಗೋಸ್ಕರ ಬಂದು ದಣ್ದವ್ರೆ ಅಲ್ವಾ," ಅಂದು ಒಳಗೆ ಹೋದಳು.

ಅಪ್ಪ ಬಹಳ ಹೊತ್ತು ಆ ಕಾರನ್ನೇ ನೋಡುತ್ತ ಕೂತಿದ್ದ.

ಎದ್ದ ಮೇಲೆ ಮಿಸ್ಸಿಗೆ ನಾಚಿಕೆಯಾಯಿತು. ಮುಖ ತೊಳೆದು ಬಂದು, "ನನಗೆ ಹಸಿವಾಗಿದೆ ಕಣಮ್ಮ," ಎಂದು ನೇರವಾಗಿ ಅವ್ವನಿಗೇ ಹೇಳಿದರು. ಅವ್ವ ತಬ್ಬಿಬ್ಬಾದಳು. ಬ್ರಾಹ್ಮಣರ ಹೆಂಗಸು ನಮ್ಮ ಮನೆಯಲ್ಲಿ ಉಣ್ಣುತ್ತಾರೆಂದು ಅವಳು ಎಣಿಸಿರಲೇ ಇಲ್ಲ. ಬಾಳೆಹಣ್ಣು ತರಿಸಲೇ ಎಂದು ಕೇಳಿದಳು. ಒಲೆಯ ಮೇಲೆ ಏನಿದೆಯೋ ಅದನ್ನೇ ಹಾಕಿ ಅಂದರು. ಇದ್ದದ್ದು ಮುದ್ದೆ, ಸೊಪ್ಪಿನ ಸಾರು. ಮಿಸ್ಸು ಮುದ್ದೆಯನ್ನು ಅಗಿಯತೊಡಗಿದ್ದನ್ನು ಕಂಡು ಅವ್ವನಿಗೆ ನಗು ತಡೆಯಲಾಗಲಿಲ್ಲ. ಅಗಿಯಬೇಡಿ, ನುಂಗಿ ಎಂದು ತಾನೇ ಒಂದು ತುತ್ತು ಮುರಿದು ನುಂಗಿ ತೋರಿಸಿದಳು. ಆಮೇಲೆ ಇಬ್ಬರೂ ಒಲೆಯ ಮುಂದೆ ಕೂತು ಏನೇನೋ ಮಾತಾಡಿಕೊಂಡರು. ನನ್ನನ್ನು ಹೊರಗೆ ಕಳಿಸಿದ್ದರಿಂದ ಅದೇನೆಂದು ನನಗೆ ಇವತ್ತಿಗೂ ತಿಳಿಯದು. ಎತ್ತಿನ ಗಂಟೆ ಕೇಳುವ ಹೊತ್ತಿಗೆ ಅವ್ವ ನನ್ನನ್ನು ಕರೆದು ಕೂರಿಸಿ, ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು, ಶಾಲೆಗೆ ಹಾಕಿಕೊಳ್ಳುವ ಲಂಗ ಉಟ್ಟುಕೋ ಅಂದಳು. ಮಿಸ್ಸನ್ನು ಏರಿಯವರೆಗೆ ಕಳಿಸಿ ಬರಲು ಇಷ್ಟೆಲ್ಲ ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಎತ್ತುಗಳು ಹಗ್ಗ ಬಿಗಿದು ಕಾರನ್ನು ಎಳೆದವು. ಹಿಂದೆ ಅಪ್ಪ, ನೆರೆಯವರು; ಅವರ ಹಿಂದೆ ನಾನು. ಕೆರೆ ತುಂಬಿತ್ತು. ಏರಿಯ ಮೇಲೆ ಹೋಗುವಾಗ ನೀರಿನಲ್ಲೂ ಒಂದು ಕಪ್ಪು ಕಾರು ಎತ್ತುಗಳ ಹಿಂದೆ ನಿಧಾನವಾಗಿ ತಲೆಕೆಳಗಾಗಿ ಸಾಗುತ್ತಿತ್ತು. ಏರಿ ಮುಗಿಯುವಲ್ಲಿ ಎತ್ತು ಬಿಚ್ಚಿದರು. ಎಲ್ಲರೂ ಬೆನ್ನು ಬಗ್ಗಿಸಿ ತಳ್ಳಿದರು. ಕಾರು ಸದ್ದಿಲ್ಲದೆ ಇಳಿಜಾರಿನಲ್ಲಿ ಉರುಳಿತು, ಒಮ್ಮೆ ಮುಗ್ಗರಿಸಿತು, ಬುಸ್ಸೆಂದು ಹೊಗೆ ಬಿಟ್ಟು ಗುಡುಗಿತು. ಹೊರಟಿತು.

ಮಿಸ್ಸು ಇಳಿಯುವಂತಿರಲಿಲ್ಲ. ಇಂಜಿನ್ನು ನಿಂತರೆ ಮತ್ತೆ ಎಲ್ಲ ಮೊದಲಿನಿಂದ. ಇಳಿಜಾರಿನ ಕೆಳಗೆ ಕಾರನ್ನು ಗುರುಗುಟ್ಟಿಸುತ್ತ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, "ಬರ್ತೀನಿ ಗೌಡ್ರೆ, ತುಂಬಾ ಉಪಕಾರವಾಯ್ತು," ಎಂದು ಕೂಗಿದರು.

ಮೊಣಕಾಲವರೆಗೆ ಕೆಸರಾಗಿದ್ದ ಅಪ್ಪ ತಿರುಗಿ ನನ್ನನ್ನು ನೋಡಿದ. ನನ್ನ ಜಡೆ ನೋಡಿದ, ಲಂಗ ನೋಡಿದ.

"ಓಗವ್ವ," ಅಂದ. "ಗಾಡಿ ಅತ್ಕೊ. ಬಟ್ಟೆಬರೆ ನಾಳೆ ತತ್ತೀನಿ."

ನಾನು ನಿಂತೇ ಇದ್ದೆ. ಅವ್ವನಿಗೆ ಹೇಳಿಲ್ಲ ಅಂದೆ.

"ನಿಮ್ಮವ್ವಂಗೆ ನಾನೇ ಏಳ್ತೀನಿ. ಓಗು, ಗಾಡಿ ನಿಂತೋದಾತು."

ಬರಿಗಾಲಲ್ಲಿ ಓಡಿದೆ. ಮಿಸ್ಸು ಒಳಗಿನಿಂದಲೇ ಬಾಗಿಲು ತೆರೆದರು. ಕೂತು ಹಿಂದೆ ತಿರುಗಿದಾಗ ಅಪ್ಪ ಎತ್ತಿನ ಕೊರಳ ಮೇಲೆ ಕೈಯಿಟ್ಟು ನಿಂತಿದ್ದ. ಮುಸ್ಸಂಜೆಯಲ್ಲಿ ಅವನ ಮುಖ ಕಾಣಲಿಲ್ಲ.

ಆ ಪ್ರಯಾಣ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಕಾರು ಜೋರಾಗಿ ಓಡಿದರೆ ದೀಪ ಬೆಳಗುತ್ತಿತ್ತು, ನಿಧಾನವಾದರೆ ಮಂಕಾಗುತ್ತಿತ್ತು. ಬೆಳಗಿದಾಗ ರಸ್ತೆಯ ಇಕ್ಕೆಲದ ಮರಗಳು ಎದ್ದು ಬಂದು ನಮ್ಮನ್ನು ನೋಡುತ್ತಿದ್ದವು. ಮಂಕಾದಾಗ ಕತ್ತಲೆಗೆ ಸರಿಯುತ್ತಿದ್ದವು. ಕಬ್ಬಿನ ಗಾಡಿಗಳ ಅಡಿಯಲ್ಲಿ ಲಾಂದ್ರಗಳು ತೂಗುತ್ತಿದ್ದವು. ಎಲ್ಲೋ ಬೆಲ್ಲ ಬೇಯುವ ವಾಸನೆ. ಮಿಸ್ಸು ಒಂದೇ ಸಲ ಮಾತಾಡಿದ್ದು. "ಇಂಜಿನ್ ನಿಂತರೆ ಇಬ್ಬರೇ ತಳ್ಳಬೇಕು, ಗೊತ್ತಲ್ಲ?" ಗೊತ್ತು ಎಂದು ತಲೆಯಾಡಿಸಿದೆ. ನನಗೆ ಅಳು ಬಂತು. ಅವರು ಯಾಕೆಂದು ಕೇಳಲಿಲ್ಲ. ಆದರೆ ಆ ಬಿಳಿಯ ಎಡಗೈಯನ್ನು ಗೇರಿನಿಂದ ತೆಗೆದು ನನ್ನ ತಲೆಯ ಮೇಲಿಟ್ಟರು, ಮುಂದಿನ ತಿರುವು ಬರುವವರೆಗೆ.

ಅಪ್ಪ ಮರುದಿನ ಬಟ್ಟೆಯ ಗಂಟನ್ನೂ ಒಂದು ಮೂಟೆ ರಾಗಿಯನ್ನೂ ಹೊತ್ತು ಬಂದ. ಮಿಸ್ಸಿನ ಮನೆಯಲ್ಲಿ ಎಲ್ಲ ಸುಲಭವಾಗಿರಲಿಲ್ಲ. ಅವರ ತಾಯಿ ನನ್ನನ್ನು ಅಡಿಗೆಮನೆಗೆ ಬಿಡುತ್ತಿರಲಿಲ್ಲ. ಹಜಾರದಲ್ಲಿ ತಟ್ಟೆ ಇಟ್ಟು ಬಡಿಸುತ್ತಿದ್ದರು. ಮಿಸ್ಸು ತಾಯಿಯೊಡನೆ ವಾದಿಸಲಿಲ್ಲ. ಮೊದಲ ದಿನವೇ ತಮ್ಮ ತಟ್ಟೆಯನ್ನೂ ಹಜಾರಕ್ಕೆ ತಂದು ನನ್ನ ಪಕ್ಕದಲ್ಲಿ ಕೂತರು. ನಾನು ಅಲ್ಲಿದ್ದಷ್ಟು ವರ್ಷವೂ ಅಲ್ಲಿಯೇ ಉಂಡರು. ಮಗಳು ಪಕ್ಕದಲ್ಲಿಲ್ಲದೆ ಉಣ್ಣಲಾಗದೆ ಆ ಮುದುಕಿಯೂ ಕೊನೆಕೊನೆಗೆ ಬಾಗಿಲ ಬಳಿ ಬಂದು ಕೂರುತ್ತಿದ್ದರು.

ಮದ್ದೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಕೆಲಸ ಸಿಕ್ಕ ದಿನ ಅವರನ್ನು ಕೇಳಿದ್ದೆ, ಅವತ್ತು ದೀಪವನ್ನು ಬೇಕೆಂದೇ ಆರಿಸದೆ ಬಿಟ್ಟಿರಾ ಎಂದು. ಹೌದು ಅನ್ನುತ್ತಾರೆ ಎಂದುಕೊಂಡಿದ್ದೆ.

"ಮರೆತೆ ಕಣೆ," ಅಂದರು. "ಬೆಳಗಿನಿಂದ ತಲೆನೋವು. ನಿಮ್ಮಪ್ಪ ಆಗಲ್ಲ ಅಂದಾಗ ಸೋತೆ ಅಂತಲೇ ಎದ್ದಿದ್ದು. ಕಾರು ಹೊರಟಿದ್ದರೆ ನಾನು ಮತ್ತೆ ಬರುತ್ತಲೂ ಇರಲಿಲ್ಲವೇನೋ."

ಸುಳ್ಳು ಹೇಳಿ ನನ್ನನ್ನು ಖುಷಿಪಡಿಸಬೇಕು ಎಂದು ಅವರಿಗೆ ತೋಚಲೇ ಇಲ್ಲ. ಆದರೆ ಸೋತು ಎದ್ದವರು ಮತ್ತೆ ಕೂತಾಗ ಆ ಕಂಬಳಿಯ ಮೇಲೆ ಎಷ್ಟು ನಿಶ್ಚಿಂತೆಯಿಂದ ಮಲಗಿದರು ಎಂಬುದು ನನಗೆ ಆಗ ಅರ್ಥವಾಯಿತು.

ಅದಾಗಿ ಕೆಲವೇ ವರ್ಷಗಳಲ್ಲಿ, ಇನ್ನೂ ನೌಕರಿಯಲ್ಲಿರುವಾಗಲೇ, ಒಂದು ಬೆಳಿಗ್ಗೆ ಹೃದಯ ನಿಂತು ದೊಡ್ಡ ಮಿಸ್ಸು ಹೋಗಿಬಿಟ್ಟರು. ತಾಯಿ ಹಿಂದಿನ ವರ್ಷವೇ ತೀರಿಕೊಂಡಿದ್ದರು. ನಾನು ಮದ್ದೂರಿನಿಂದ ಬರುವ ಹೊತ್ತಿಗೆ ಅಪ್ಪ ಊರಿನಿಂದ ಬಂದು, ಗೇಟಿನ ಬಳಿ, ಹೆಗಲ ಮೇಲಿನ ಟವಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅಂಗಳದ ತುಂಬ ಶಾಲೆಯ ಹುಡುಗಿಯರು. ಬೆಂಗಳೂರಿನಿಂದ ಬಂದಿದ್ದ ಅವರ ಅಣ್ಣನ ಮಗನಿಗೆ ಯಾರ ಪರಿಚಯವೂ ಇರಲಿಲ್ಲ. ಬಾಯಿಗೆ ಅಕ್ಕಿ ಹಾಕಲು ಸಂಬಂಧಿಕರು ಮಾತ್ರ ಮುಂದೆ ಬರಬೇಕು ಎಂದು ಪುರೋಹಿತರು ಹೇಳಿದರು. ನಾನು ಹಿಂದೆ ಸರಿದು ಗೋಡೆಗೆ ಒರಗಿದೆ. ಅಪ್ಪ ನನ್ನ ತೋಳು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ನಡೆದ. ಅಣ್ಣನ ಮಗ ಅಡ್ಡ ಬಂದು, ಮರ್ಯಾದೆಯಿಂದಲೇ, ತಾವು ಏನಾಗಬೇಕು ಎಂದು ಕೇಳಿದ.

"ನೆಂಟ್ರು ಕಣಪ್ಪ," ಅಂದ ಅಪ್ಪ. "ಬಸರಾಳು ಕಡೆಯೋರು."

ಆ ಹುಡುಗ ಅಪ್ಪನ ಮುಖವನ್ನು ಒಂದು ಕ್ಷಣ ನೋಡಿದ. ಆಮೇಲೆ ಪಕ್ಕಕ್ಕೆ ಸರಿದು, ಅಕ್ಕಿಯ ತಟ್ಟೆಯನ್ನು ನಮ್ಮ ಕಡೆಗೆ ಹಿಡಿದ.